ಕಸ್ತೂರಿ, ಗೌಸಿಯಾ, ನಡುವೆ ಒಂದು ಅಡ್ಡಗೆರೆ

ಎರಡು ಹೆಸರುಗಳ ನಡುವೆ ಒಂದು ಅಡ್ಡಗೆರೆ ಇರಬೇಕೋ ಬೇಡವೋ ಎಂದು ನಾನೂ ಶಾಂತಲಿಂಗಪ್ಪ ಮಾಸ್ತರರೂ ಎರಡು ತಿಂಗಳು ಜಗಳಾಡಿದೆವು. ಕೇಳಿದವರೆಲ್ಲ ನಕ್ಕರು. ನಗಲಿ ಬಿಡಿ. ನನ್ನ ಖಾನಾವಳಿಯಲ್ಲಿ ಉಂಡು ನನ್ನನ್ನೇ ನೋಡಿ ನಗುವವರಿಗೆ ನಾನು ಎರಡನೇ ಸಲ ಪುಂಡಿಪಲ್ಯ ಬಡಿಸುವುದಿಲ್ಲ, ಅಷ್ಟೇ.

ಇದು ತೊಂಬತ್ತೊಂಬತ್ತನೇ ಇಸವಿಯ ಮಾತು. ಆಳಂದ ಬಸ್‌ಸ್ಟ್ಯಾಂಡಿನ ಎದುರಿಗೆ ನನ್ನ ಖಾನಾವಳಿ. ಬೋರ್ಡಿನ ಮೇಲೆ ಕಸ್ತೂರಿಬಾಯಿ ಖಾನಾವಳಿ ಅಂತ ಬರೆದಿದೆ. ನಮ್ಮ ಮನೆಯವರು ಕಿಣ್ಣಿ ಸುಲ್ತಾನದಲ್ಲಿ ಹೊಲ ನೋಡಿಕೊಂಡಿರುತ್ತಾರೆ, ನಾನು ಇಲ್ಲಿ ಒಲೆ ನೋಡಿಕೊಂಡಿರುತ್ತೇನೆ. ಪಕ್ಕದ ಅಂಗಡಿ ಶಾಂತಲಿಂಗಪ್ಪ ಮಾಸ್ತರರದು. ಇಪ್ಪತ್ತು ವರ್ಷ ಅಲ್ಲಿ ಟೈಪಿಂಗ್ ಕಲಿಸಿದರು. ನಾನು ರೊಟ್ಟಿ ಬಡಿಯುವ ಸದ್ದು, ಅವರ ಶಿಷ್ಯರು ಟೈಪ್ ಬಡಿಯುವ ಸದ್ದು, ನಡುವೆ ಒಂದೇ ಗೋಡೆ. ಆ ವರ್ಷ ಯುಗಾದಿಯ ಹೊತ್ತಿಗೆ ಅವರು ಟೈಪ್‌ರೈಟರುಗಳ ಮೇಲೆ ಗೋಣಿಚೀಲ ಹೊದಿಸಿ ಮೂಲೆಗೆ ಸರಿಸಿದರು. ಒಂದು ಕಂಪ್ಯೂಟರ್ ತಂದು, ಅದನ್ನು ಫೋನಿನ ತಂತಿಗೆ ಸಿಕ್ಕಿಸಿದರು. ಅವತ್ತಿನಿಂದ ಗೋಡೆಯಾಚೆ ಬಡಿಯುವ ಸದ್ದು ನಿಂತು, ಏನೋ ಕೀರಲು ಸದ್ದು ಬರತೊಡಗಿತು.

ಒಂದು ಮಧ್ಯಾಹ್ನ ಊಟಕ್ಕೆ ಬಂದ ಮಾಸ್ತರರು ಎದೆಯುಬ್ಬಿಸಿ ಹೇಳಿದರು, "ಇನ್ನ ಜಗತ್ತಿನ್ಯಾಗ ಯಾರು ಎಲ್ಲೇ ಇರ್ಲಿ ಅಕ್ಕಾರ, ಇಲ್ಲೇ ಕುಂತು ಹುಡುಕಬಹುದು."

ನಾನು ತಿರುವಿಹಾಕಬೇಕಿದ್ದ ರೊಟ್ಟಿ ಹೆಂಚಿನ ಮೇಲೆಯೇ ಸೀದುಹೋಯಿತು. "ಕಳದು ಇಪ್ಪತ್ತೆಂಟು ವರ್ಷ ಆದೋರನ್ನೂ ಹುಡುಕಬಹುದೇನ್ರಿ ಮಾಸ್ತರ?" ಎಂದು ಕೇಳಿದೆ.

"ಇಪ್ಪತ್ತೆಂಟಾದ್ರೇನು, ಐವತ್ತಾದ್ರೇನು? ಯಂತ್ರಕ್ಕ ವಯಸ್ಸು ಗೊತ್ತಾಗಲ್ರಿ," ಎಂದರು. ಆ ಮಾತು ನನಗೆ ಬಹಳ ಸೇರಿತು. ಅವತ್ತು ಅವರಿಗೆ ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿದೆ.

ಕಳೆದುಹೋದವಳ ಹೆಸರು ಗೌಸಿಯಾಬೇಗಂ. ನನ್ನ ತವರು ನರೋಣಾದಲ್ಲಿ ನಮ್ಮ ಹಿತ್ತಲಿಗೂ ಅವರ ಹಿತ್ತಲಿಗೂ ನಡುವೆ ಮೊಣಕಾಲೆತ್ತರದ ಒಂದು ಗೋಡೆ. ಅವಳ ಅಪ್ಪ ಪೊಲೀಸ್ ಜಮಾದಾರ. ಅವಳ ಅಜ್ಜಿ ಅಜೀಜಾಬಿ ಕೌದಿ ಹೊಲಿಯುವುದರಲ್ಲಿ ಹೆಸರಾದವಳು. ಹಳೆಯ ಸೀರೆ, ಧೋತರ, ಅಂಗಿಯ ತುಂಡುಗಳನ್ನು ಪದರ ಪದರವಾಗಿ ಹಾಸಿ, ಬಿಳಿ ದಾರದಿಂದ ಸಾಲು ಸಾಲು ಹೊಲಿಗೆ ಹಾಕುತ್ತಿದ್ದಳು. ಏಳನೇ ಇಯತ್ತೆಯ ರಜೆಯಲ್ಲಿ ಗೌಸಿಯಾಳೂ ನಾನೂ ಸೇರಿ ಒಂದು ಕೌದಿ ಶುರು ಮಾಡಿದೆವು. ಸೂಜಿ ಒಂದೇ. ಅಜೀಜಾಬಿ ತನ್ನ ಮದುವೆಯಲ್ಲಿ ತಂದಿದ್ದ ಉದ್ದನೆಯ ಸೂಜಿ. ನಾನೊಂದು ಸಾಲು, ಅವಳೊಂದು ಸಾಲು.

"ನೆನಪಿಟ್ಕೋರಿ ಪೋರ್ಯಾರೇ," ಎನ್ನುತ್ತಿದ್ದಳು ಅಜೀಜಾಬಿ. "ಇಬ್ರು ಹಾಸಿದ ಕೌದಿ ಒಬ್ಬಾಕಿ ಮುಚ್ಚಬಾರದು. ಕಡೀ ಮೂಲ್ಯಾಗ ಒಂದು ಚೂರು ರೊಟ್ಟಿ ಇಟ್ಟು ಇಬ್ರೂ ಕೂಡಿ ಹೊಲೀಬೇಕು. ಇಲ್ಲಾಂದ್ರ ಕೌದಿ ಜೀವನಪೂರ್ತಿ ಹಸದಿರ್ತದ."

ಮೂರು ಮೂಲೆ ಮುಗಿದಿದ್ದವು, ಅಷ್ಟರಲ್ಲಿ ಜಮಾದಾರರಿಗೆ ಜೇವರ್ಗಿಗೆ ವರ್ಗವಾಯಿತು. ಸಾಮಾನು ತುಂಬಿದ ಲಾರಿ ಹೊರಟಾಗ ಗೌಸಿಯಾ ಹಿಂದೆ ಹಾಸಿಗೆ ಸುರುಳಿಯ ಮೇಲೆ ಕೂತಿದ್ದಳು. ಲಾರಿ ಹಳ್ಳ ದಾಟುವಾಗ ಅವಳು ಒಮ್ಮೆಲೇ ಎದ್ದು ನಿಂತು ದುಪಟ್ಟಾ ಎತ್ತಿ ತೋರಿಸಿದಳು. ಅದರಲ್ಲಿ ಸೂಜಿ ಚುಚ್ಚಿಕೊಂಡೇ ಇತ್ತು, ಬಿಸಿಲಿಗೆ ಹೊಳೆಯುತ್ತಿತ್ತು. ಕೌದಿ ನನ್ನ ಹತ್ತಿರ, ಸೂಜಿ ಅವಳ ಹತ್ತಿರ. "ಸೂಜಿಗಳ್ಳೀ!" ಎಂದು ನಾನು ಕೂಗಿದೆ. ಚೇಷ್ಟೆಗೆ ಕೂಗಿದ್ದು. ಅಳು ಬರುತ್ತಿತ್ತು, ಅದಕ್ಕೆ ಕೂಗಿದ್ದು.

ಮರುವರ್ಷ ನನ್ನನ್ನು ಕಿಣ್ಣಿ ಸುಲ್ತಾನಕ್ಕೆ ಕೊಟ್ಟರು. ಬಾಯಿ ತೆರೆದ ಕೌದಿ ನನ್ನ ಟ್ರಂಕಿನಲ್ಲಿ ಬಂತು. ಅದರ ಮರುವರ್ಷ ಗೌಸಿಯಾಳ ಪತ್ರವೂ ಬಂತು. ಆದರೆ ಬಾಗಿಲ ತನಕ ಬಂದ ಆ ಪತ್ರ ಒಡೆಯದೆ ತಿರುಗಿ ಹೋಯಿತು. ತಿರುಗಿ ಹೋದದ್ದು ನನ್ನಿಂದ. ಹೇಗೆ ಅಂತ ಈಗಲೇ ಕೇಳಬೇಡಿ, ಅದನ್ನು ಹೇಳಲು ಇನ್ನೂ ಸ್ವಲ್ಪ ಧೈರ್ಯ ಬೇಕು. ಗೌಸಿಯಾ ಸಿಕ್ಕರೆ ಅದೊಂದಕ್ಕೆ ಕ್ಷಮೆ ಕೇಳಬೇಕು, ಇಷ್ಟೇ ನನ್ನ ಆಸೆಯಾಗಿತ್ತು. ಕ್ಷಮೆ ಕೇಳದೆ ಸತ್ತರೆ ನಾನೂ ಆ ಕೌದಿಯ ಹಾಗೆ ಹಸಿದೇ ಹೋಗುತ್ತೇನೆ ಎಂದು ಭಯವಾಗುತ್ತಿತ್ತು.

ಮಾಸ್ತರರು ಮೊದಲು ಗೌಸಿಯಾ ಬೇಗಂ ಎಂದು ಇಂಗ್ಲಿಷಿನಲ್ಲಿ ಹೊಡೆದು ನೋಡಿದರು. ಸಾವಿರಾರು ಬಂದವು. ಹಾಡುವವರು, ಓದಿಸುವವರು, ಸತ್ತವರು.

"ಹಿಂಗ ಆಗಲ್ರಿ," ಎಂದರು ಮಾಸ್ತರರು. "ನಾವು ಆಕಿನ್ನ ಹುಡುಕೋದಕ್ಕಿಂತ ಆಕಿ ನಮ್ಮನ್ನ ಹುಡುಕಿದಾಗ ಸಿಗೋ ಹಂಗ ಮಾಡೋಣ. ನಿಮ್ಮದೇ ಒಂದು ವೆಬ್‌ಸೈಟ್ ಇಟ್ಟುಬಿಡ್ರಿ."

ವೆಬ್‌ಸೈಟ್ ಎಂದರೆ ಎಲ್ಲ ಊರಿನ ಬಸ್‌ಸ್ಟ್ಯಾಂಡಿನಲ್ಲೂ ಒಂದೇ ಸಲ ತೂಗುಹಾಕಿದ ಬೋರ್ಡು ಎಂದು ಅವರು ವಿವರಿಸಿದರು. ಬೋರ್ಡಿಗೆ ಒಂದು ಹೆಸರು ಬೇಕು, ಆ ಹೆಸರು ಜಗತ್ತಿನಲ್ಲಿ ಇನ್ನೊಬ್ಬರದು ಇರಬಾರದು. ಇಬ್ಬರ ಹೆಸರೂ ಇರಲಿ ಎಂದೆ. ಅವರು ಕಸ್ತೂರಿ ಎಂದು ಹೊಡೆದು, ಒಂದು ಸಣ್ಣ ಅಡ್ಡಗೆರೆ ಎಳೆದು, ಗೌಸಿಯಾ ಎಂದು ಹೊಡೆದರು.

"ನಡುವ ಅದೇನ್ರಿ?"

"ಹೈಫನ್ ಅಂತಾರ್ರಿ ಅದಕ್ಕ. ಗೆರಿ ಇಲ್ಲಾಂದ್ರ ಎರಡೂ ಹೆಸರು ಕೂಡಿ ಒಂದಾಗಿಬಿಡ್ತಾವ. ಹುಡುಕೋ ಯಂತ್ರಕ್ಕ ಎರಡೂ ಬ್ಯಾರೆ ಬ್ಯಾರೆ ಅಂತ ತಿಳೀಬೇಕಲ್ಲ?"

ನಾನು ಆ ಗಾಜಿನ ಹತ್ತಿರ ಮುಖ ತಂದು ನೋಡಿದೆ. ಕೌದಿಯಿಂದ ಒಂದು ಹೊಲಿಗೆ ಬಿಡಿಸಿ ಅಲ್ಲಿ ಇಟ್ಟ ಹಾಗಿತ್ತು. ಒಂದು ಕಡೆ ನಾನು, ಒಂದು ಕಡೆ ಅವಳು, ನಡುವೆ ಅಷ್ಟೇ ಉದ್ದದ ಬಿಳಿ ದಾರ. ಮಾಸ್ತರರ ಯಂತ್ರದ ಲೆಕ್ಕಾಚಾರ ನನಗೇನೂ ತಿಳಿಯಲಿಲ್ಲ, ಆದರೆ ಆ ಗೆರೆ ಇರಲಿ ಎಂದು ಆಗಲೇ ನಿರ್ಧರಿಸಿದೆ. ಕೌದಿಯ ಫೋಟೋ ತೆಗೆಸಿ ಹಾಕಿದೆವು, ಮುಚ್ಚದ ಮೂಲೆ ಎದ್ದು ಕಾಣುವ ಹಾಗೆ. ಕೆಳಗೆ, ಗೌಸಿಯಾ, ನಾನು ಆಳಂದದಲ್ಲಿದ್ದೇನೆ, ಎಂದು ಬರೆಸಿದೆ. ಅದಕ್ಕಿಂತ ಹೆಚ್ಚು ಬರೆಸಲು ನಾಚಿಕೆಯಾಯಿತು, ಮಾಸ್ತರರು ಎಷ್ಟೆಂದರೂ ಹೊರಗಿನವರು.

ಆಮೇಲೆ ಕಾಯುವ ಕೆಲಸ. ಆ ಹುಡುಕುವ ಯಂತ್ರ ಎಲ್ಲೋ ದೂರ ದೇಶದಲ್ಲಿದೆಯಂತೆ, ಅದು ಬಂದು ನಮ್ಮ ಬೋರ್ಡು ಓದಿಕೊಂಡು ಹೋಗಬೇಕಂತೆ, ಆಮೇಲೆ ಯಾರಾದರೂ ಕೇಳಿದರೆ ಸಾಲಿನಲ್ಲಿ ನಿಲ್ಲಿಸಿ ತೋರಿಸುತ್ತದಂತೆ. ದಿನಾ ಮಧ್ಯಾಹ್ನ ಊಟದ ಗದ್ದಲ ಮುಗಿದ ಮೇಲೆ ನಾನು ಸೆರಗಿಗೆ ಕೈ ಒರೆಸಿಕೊಂಡು ಗೋಡೆಯಾಚೆ ಹೋಗುತ್ತಿದ್ದೆ. ಮಾಸ್ತರರು ನಮ್ಮಿಬ್ಬರ ಹೆಸರು ಹೊಡೆಯುತ್ತಿದ್ದರು. ಮೊದಲ ತಿಂಗಳು ನಾವು ಎಲ್ಲೂ ಇರಲಿಲ್ಲ. ಆಮೇಲೆ ಎಂಟನೇ ಪುಟದಲ್ಲಿ ಸಿಕ್ಕೆವು. ನಮಗಿಂತ ಮುಂದೆ ಕಸ್ತೂರಿ ಅರಿಸಿನ ಮಾರುವವರು, ಅತ್ತರು ಮಾರುವವರು, ಯಾವುದೋ ನಾಡಿನ ಒಂದು ಹೋಟೆಲಿನವರು.

"ಎಂಟನೇ ಪುಟದ ತನಕ ಯಾರು ಬರ್ತಾರ್ರಿ?" ಎಂದೆ. "ನನ್ನ ಖಾನಾವಳಿಗೇ ಜನ ಮೊದಲನೇ ಪಂಕ್ತಿಗೆ ಬಡಿದಾಡ್ತಾರ."

ಮಾಸ್ತರರ ತಲೆ ಕೆಟ್ಟಿತು. ಅವರು ಕಂಪ್ಯೂಟರ್ ಮಾಸಿಕಗಳನ್ನು ತರಿಸಿ ಓದತೊಡಗಿದರು. ಒಂದರಲ್ಲಿ, ಹೆಸರಿನಲ್ಲಿ ಹೈಫನ್ ಇದ್ದರೆ ಯಂತ್ರಕ್ಕೆ ಓದಲು ಸುಲಭ, ಮುಂದೆ ನಿಲ್ಲಿಸುತ್ತದೆ ಎಂದಿತ್ತು. ಇನ್ನೊಂದರಲ್ಲಿ, ಹೈಫನ್ ಇರುವ ಹೆಸರುಗಳ ಮೇಲೆ ಯಂತ್ರಕ್ಕೆ ಗುಮಾನಿ, ಹಿಂದೆ ತಳ್ಳುತ್ತದೆ ಎಂದಿತ್ತು. ಮೂರನೆಯದು ಇರಬಹುದು ಇಲ್ಲದಿರಬಹುದು ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಿತ್ತು. ಮಾಸ್ತರರು ಸೋಮವಾರ ಒಂದು ಹೇಳಿದರೆ ಗುರುವಾರ ಇನ್ನೊಂದು ಹೇಳುತ್ತಿದ್ದರು.

"ಗೆರಿ ತಗದುಬಿಡೋಣ್ರಿ ಅಕ್ಕಾರ. ಹೊಸಾ ಹೆಸರು ಇಟ್ಟು ನೋಡೋಣ."

"ತಗೀಬ್ಯಾಡ್ರಿ. ಹೊಲಿಗಿ ಬಿಚ್ಚಿದಂಗ ಆಗ್ತದ."

"ಇದು ಹೊಲಿಗಿ ಅಲ್ರಿ, ಹೈಫನ್ನು!"

"ನೀವು ಇಪ್ಪತ್ತು ವರ್ಷ ಟೈಪ್ ಕಲಿಸೀರಿ. ಹೈಫನ್ ಎದಕ್ಕ ಹಾಕ್ತಾರ ಅಂತ ನೀವೇ ಹೇಳ್ರಿ, ಆಮ್ಯಾಲ ತಗೀರಿ."

ಮಾಸ್ತರರು ಕನ್ನಡಕ ತೆಗೆದು ಒರೆಸಿದರು. ಕಲಿಸುವವರಿಗೆ ಪ್ರಶ್ನೆ ಕೇಳಿದರೆ ಜಗಳ ಮರೆಯುತ್ತದೆ. "ಸಾಲು ಮುಗೀತು, ಆದ್ರ ಪದ ಮುಗೀಲಿಲ್ಲ ಅಂತ ಇಟ್ಕೋರಿ," ಎಂದರು ಮೆಲ್ಲಗೆ. "ಆವಾಗ ಕೊನಿಗೆ ಒಂದು ಹೈಫನ್ ಹಾಕ್ತೀವಿ. ಓದೋರಿಗೆ ಗೊತ್ತಾಗ್ತದ, ಉಳಿದದ್ದು ಮುಂದಿನ ಸಾಲಿನ್ಯಾಗ ಅದ ಅಂತ."

ಆಮೇಲೆ ಅವರು ಗೆರೆ ತೆಗೆಯುವ ಮಾತನ್ನು ಆ ವಾರ ಎತ್ತಲಿಲ್ಲ.

ಆ ದಿನಗಳಲ್ಲಿ ನನಗೊಂದು ಕನಸು ಬೀಳುತ್ತಿತ್ತು. ಮೂರು ಗಂಟೆಗೆ ಒಲೆ ಆರಿಸಿ, ಒಳಗಿನ ಕೋಣೆಯಲ್ಲಿ ಕೌದಿ ಹಾಸಿಕೊಂಡು ಅಡ್ಡಾದರೆ ಸಾಕು. ಕೌದಿಯ ಹೊಲಿಗೆಗಳು ಒಂದೊಂದಾಗಿ ಎದ್ದು ಬಾಗಿಲಿನಿಂದ ಹೊರಗೆ ಹೊರಡುತ್ತಿದ್ದವು. ನಾನು ಅವುಗಳ ಮೇಲೆ ಹೆಜ್ಜೆ ಇಡುತ್ತ ಹಿಂದೆ ಹೋಗುತ್ತಿದ್ದೆ. ಒಂದು ಗೆರೆ, ಒಂದು ಸಂದು, ಮತ್ತೊಂದು ಗೆರೆ. ತೊಗರಿ ಹೊಲಗಳ ನಡುವೆ, ಹಳದಿ ಹೂವಿನ ಮೇಲೆ, ಅಫಜಲಪುರದ ದಾರಿ ಹಿಡಿದು. ಬಿಸಿಲಿದ್ದರೂ ಸುಡುತ್ತಿರಲಿಲ್ಲ. ಸೊನ್ನದ ಹತ್ತಿರ ಭೀಮಾ ನದಿ ಬರುತ್ತಿತ್ತು. ಅಲ್ಲಿ ಬ್ಯಾರೇಜ್ ಕಟ್ಟುವವರೆಲ್ಲ ಕೆಲಸ ನಿಲ್ಲಿಸಿ ನನ್ನನ್ನು ನೋಡುತ್ತಿದ್ದರು. ಹೊಲಿಗೆ ನೀರಿನ ಮೇಲೂ ಸಾಗುತ್ತಿತ್ತು. ನೀರು ಹಳೆಯ ಧೋತರದಷ್ಟು ಮೆತ್ತಗಿರುತ್ತಿತ್ತು. ನಡುಹೊಳೆಯಲ್ಲಿ ಹೊಲಿಗೆ ನಿಂತುಬಿಡುತ್ತಿತ್ತು, ದಾರದ ತುದಿ ನೀರಲ್ಲಿ ತೇಲುತ್ತಿತ್ತು. ಆಗ ಆಚೆ ದಡದಿಂದ ಯಾರೋ ಕೇಳುತ್ತಿದ್ದರು, "ಯಾರು?" ಎಂದು. ನಾನು ಹೇಳಬೇಕು. ಹೇಳಿದರೆ ಮುಂದಿನ ಹೊಲಿಗೆ ಬೀಳುತ್ತದೆ ಅಂತ ನನಗೆ ಗೊತ್ತು. ಆದರೆ ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಎಚ್ಚರವಾದಾಗ ನಾಲ್ಕು ಗಂಟೆಯ ಚಹಾಕ್ಕೆ ಜನ ಬಂದು ಕೂತಿರುತ್ತಿದ್ದರು.

ಆ ಚಹಾದ ಜನರಲ್ಲಿ ಧರ್ಮಣ್ಣ ಒಬ್ಬ. ಆಳಂದದಿಂದ ಅಫಜಲಪುರದ ಮೇಲೆ ಜೇವರ್ಗಿಗೆ ಹೋಗುವ ಬಸ್ಸಿನ ಕಂಡಕ್ಟರ್. ಗೆರೆಯ ಜಗಳ ಅವನ ಕಿವಿಗೂ ಬಿದ್ದಿತ್ತು.

"ನಮ್ಮ ಬಸ್ಸಿನ ಬೋರ್ಡ್ ನೋಡ್ರಿ ಅಕ್ಕಾ," ಎಂದ. "ಆಳಂದ, ಗೆರಿ, ಅಫಜಲಪುರ, ಗೆರಿ, ಜೇವರ್ಗಿ. ಎರಡು ಗೆರಿ ಅದಾವ ಅಂತ ಗಾಡಿ ಒಂದು ದಿನಾನೂ ಬೇಗ ಬಂದಿಲ್ಲ. ಗೆರಿ ಅಳಿಸಿ ಹೋಗಿತ್ತಲ್ಲ ಹೋದ ವರ್ಷ, ಆವಾಗೂ ಅಷ್ಟೇ ತಡ. ಬಸ್ ಹುಡುಕೋ ಮಂದಿ ಬೋರ್ಡ್ ನೋಡಲ್ರಿ, ಬಾಜೂದಾಗ ನಿಂತೋರ್ನ ಕೇಳ್ತಾರ."

"ಮಹಾ ಶಾಣ್ಯಾ ನೀನು. ಹಂಗಿದ್ರ ಜೇವರ್ಗ್ಯಾಗ ನೀನೇ ಒಂದು ಮಾತು ಕೇಳಿಕೊಂಡು ಬಾ ನೋಡೋಣು," ಎಂದೆ. ಗೌಸಿಯಾ ಜಮಾದಾರನ ಮಗಳೆಂದೂ, ಎಪ್ಪತ್ತೊಂದರಲ್ಲಿ ಅಲ್ಲಿನ ಪೊಲೀಸ್ ಲೈನಿನ ಮನೆಗೆ ಹೋದವರೆಂದೂ, ಆಳಂದದ ಕಸ್ತೂರಿಬಾಯಿ ಹುಡುಕುತ್ತಿದ್ದಾಳೆಂದು ಹೇಳು ಎಂದೂ ಹೇಳಿಕೊಟ್ಟೆ. ಅವನು ಚಹಾದ ಕಪ್ಪು ಇಟ್ಟು ಎದ್ದ. ಕೇಳುತ್ತಾನೆಂಬ ನಂಬಿಕೆ ನನಗಿರಲಿಲ್ಲ.

ಆದರೆ ಕೇಳಿದ. ಎಂಟು ದಿನ ಬಿಟ್ಟು, ಊಟದ ಗದ್ದಲ ಇಳಿಯುವ ಹೊತ್ತಿಗೆ ಬಂದು ಒಲೆಯ ಹತ್ತಿರವೇ ನಿಂತ.

"ಅಕ್ಕಾ, ಪೊಲೀಸ್ ಲೈನಿನ ಹಿಂದ ಚಾಂದಬೀ ಅಂತ ಒಬ್ಬ ಮುದುಕಿ ಬಳಿ ಮಾರ್ತಾಳ. ಆಕಿಗೆ ನಿಮ್ಮ ಗೌಸಿಯಾ ಗೊತ್ತದಾಳ. ಹೈದರಾಬಾದಿಗೆ ಹೋಗಿ ಭಾಳ ವರ್ಷ ಆತಂತ. ಎಲ್ಲಿ ಅಂತ ಮುದುಕಿಗೆ ಗೊತ್ತಿಲ್ಲ. ಮೂರ್ನಾಲ್ಕು ವರ್ಷದ ಹಿಂದ ಒಂದು ಸಲ ಜೇವರ್ಗಿಗೆ ಬಂದಿದ್ಲಂತ."

"ಬಂದಿದ್ಲಾ? ನನ್ನ ಕೇಳಿದ್ಲಂತೇನು?"

ಧರ್ಮಣ್ಣ ತಲೆ ಕೆರೆದುಕೊಂಡ. "ಇಲ್ರಿ ಅಕ್ಕಾ. ನಾ ಮೂರು ಸಲ ಹೇಳಿದೆ, ಕಸ್ತೂರಿಬಾಯಿ, ಕಸ್ತೂರಿಬಾಯಿ ಅಂತ. ಆ ಹೆಸರ ಆಕಿ ಬಾಯಾಗ ಎಂದೂ ಕೇಳಿಲ್ಲಂದ್ಲು ಮುದುಕಿ. ಗೌಸಿಯಾ ಹುಡುಕಾಕತ್ತಿದ್ದು ಬ್ಯಾರೆ ಯಾರನ್ನೋ. ಗುರುಬಾಯಿ ಅಂತ."

ನಾನು ಹಿಟ್ಟಿನ ಕೈಯಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಈಗ ಹೇಳುತ್ತೇನೆ. ಧೈರ್ಯ ಬಂತು ಅಂತಲ್ಲ, ಇನ್ನು ಮುಚ್ಚಿಡಲು ಏನೂ ಉಳಿಯಲಿಲ್ಲ ಅಂತ.

ಗುರುಬಾಯಿ ನಾನೇ. ನರೋಣಾದಲ್ಲಿ ಹುಟ್ಟಿ ಹದಿನೈದು ವರ್ಷ ನಾನು ಗುರುಬಾಯಿಯೇ ಆಗಿದ್ದೆ. ನನ್ನ ಅತ್ತೆ ಸುಭದ್ರಾಬಾಯಿ ಅಕ್ಕಲಕೋಟೆಯ ಕಡೆಯವರು. ಆ ಕಡೆ ಮದುವೆಯ ದಿನ ಸೊಸೆಗೆ ಹೊಸ ಹೆಸರಿಡುವ ಪದ್ಧತಿ. ಮೇಲಾಗಿ ಅತ್ತೆಯ ಅತ್ತೆಯ ಹೆಸರೂ ಗುರುಬಾಯಿ. ಹಿರಿಯರ ಹೆಸರು ಹಿಡಿದು ಸೊಸೆಗೆ ನೀರು ತಾ, ಸಗಣಿ ಬಳಿ ಎಂದು ಕೂಗುವುದು ಹೇಗೆ? ತಾಟಿನಲ್ಲಿ ಅಕ್ಕಿ ಹರವಿದರು. ನಮ್ಮ ಮನೆಯವರು ಉಂಗುರದಿಂದ ಅದರಲ್ಲಿ ಕಸ್ತೂರಿ ಎಂದು ಬರೆದರು. ಎಲ್ಲರೂ ಓದಿ ನಕ್ಕು ಚಪ್ಪಾಳೆ ತಟ್ಟಿದರು. ಮರುದಿನ ಆ ಅಕ್ಕಿಯನ್ನು ಅನ್ನ ಮಾಡಿ ಉಂಡೆವು.

ಟಪಾಲಿನವನು ಬಂದದ್ದು ಎಪ್ಪತ್ತಮೂರರ ಕಾರಹುಣ್ಣಿಮೆಯ ಸುಮಾರಿಗೆ. ನಾನು ಬಾಗಿಲ ಹಿಂದೆ ಮೊರ ಹಿಡಿದು ಕೂತು ಜೋಳ ಹಸನು ಮಾಡುತ್ತಿದ್ದೆ. "ಗುರುಬಾಯಿ ಅಂದ್ರ ಯಾರ್ರಿ?" ಎಂದು ಕೇಳಿದ. ಅತ್ತೆ ಕಟ್ಟೆಯ ಮೇಲಿಂದಲೇ, "ಆ ಹೆಸರಿನೋರು ಈ ಮನ್ಯಾಗ ಯಾರೂ ಇಲ್ಲೋ ಅಪ್ಪಾ," ಎಂದರು. ಅವರಿಗೆ ನೆನಪಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ, ಅವರ ಮೇಲೆ ಸಿಟ್ಟೂ ಇಲ್ಲ. ಬಾಗಿಲ ಸಂದಿನಿಂದ ನನಗೆ ಲಕೋಟೆ ಕಾಣುತ್ತಿತ್ತು. ಗೌಸಿಯಾಳ ಅಕ್ಷರ, ಎಡಕ್ಕೆ ವಾಲಿದ್ದು. ನಾನು ಎದ್ದು, ನಾನೇ ಅಂತ ಒಂದು ಮಾತು ಅಂದಿದ್ದರೆ ಸಾಕಿತ್ತು. ಅತ್ತೆಯ ಮಾತು ಸುಳ್ಳು ಮಾಡಿದ ಹಾಗಾಗುತ್ತದೆ ಎಂದು ಹೆದರಿದೆ. ಹದಿನಾರು ವರ್ಷದವಳು, ಬಾಯಿಗೆ ಬೀಗ. ಟಪಾಲಿನವನು ಪತ್ರವನ್ನು ಚೀಲಕ್ಕೆ ಹಾಕಿಕೊಂಡು ಸೈಕಲ್ ಹತ್ತಿದ. ನಾನು ಜೋಳ ಹಸನು ಮಾಡುತ್ತಲೇ ಇದ್ದೆ.

ಆಮೇಲೆ ನಾನೂ ಆ ಹೆಸರನ್ನು ಬಿಟ್ಟೆ. ಮರೆತೆ ಎಂದರೆ ಸುಳ್ಳಾಗುತ್ತದೆ. ಅದು ಬೇರೆ ಯಾರದೋ, ಸತ್ತವಳದು ಅನ್ನಿಸತೊಡಗಿತ್ತು. ಅದಕ್ಕೇ ಮಾಸ್ತರರು ಹೆಸರೇನಿಡೋಣ ಎಂದಾಗ ಕಸ್ತೂರಿ ಎಂದೆ. ಗೌಸಿಯಾ ಎಂದೂ ಕೇಳದ ಹೆಸರಿಗೆ ಗೆರೆ ಇರಬೇಕೋ ಬೇಡವೋ ಎಂದು ಎರಡು ತಿಂಗಳು ಬಡಿದಾಡಿದೆ. ಟಪಾಲಿನವ ಬಾಗಿಲಿಗೆ ಬಂದಾಗ ಮಾಡಿದ್ದನ್ನೇ ಮತ್ತೊಮ್ಮೆ ಮಾಡಿದೆ, ಈ ಸಲ ಜಗತ್ತಿನ ಎದುರಿಗೆ ಬೋರ್ಡು ಹಾಕಿ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಎದ್ದವಳೇ ಗೋಡೆಯಾಚೆ ಹೋದೆ. ಕೈಯಲ್ಲಿನ ಹಿಟ್ಟು ಹಾಗೇ ಇತ್ತು. ಧರ್ಮಣ್ಣನೂ ಹಿಂದೆ ಬಂದ.

"ಮಾಸ್ತರ, ಗುರುಬಾಯಿ ಅಂತ ಹೊಡೀರಿ. ನರೋಣಾ ಅಂತಾನೂ ಹೊಡೀರಿ."

"ಯಾರ್ರಿ ಅದು ಗುರುಬಾಯಿ?"

"ಹೊಡೀರಿ ಅಂದ್ನಲ್ರಿ!"

ಅವರು ಹೊಡೆದರು. ಯಂತ್ರ ಕೀರಲು ಸದ್ದು ಮಾಡಿ ತಂತಿ ಹಿಡಿಯಿತು. ಹೊರಗೆ ಬಿಸಿಲು ಬಿಳಿಯಾಗಿತ್ತು, ಬಸ್‌ಸ್ಟ್ಯಾಂಡಿನಲ್ಲಿ ಎಲ್ಲ ಬಸ್ಸುಗಳೂ ಹೋಗಿ ಬರಿಯ ಧೂಳು ನಿಂತಿತ್ತು. ಗಾಜಿನ ಮೇಲೆ ಸಾಲುಗಳು ಒಂದೊಂದಾಗಿ ಇಳಿದವು. ನನಗೆ ಕನಸಿನ ಹೊಳೆಯ ನಡುವೆ ನಿಂತ ಹಾಗಾಗಿತ್ತು.

ಮಾಸ್ತರರು ಕುರ್ಚಿಯಿಂದ ಅರ್ಧ ಎದ್ದರು. "ಅಕ್ಕಾರ! ಮೊದಲನೇದು! ಮೊದಲನೇ ಪುಟದ ಮೊದಲನೇ ಸಾಲು! ಹೆಸರು ನೋಡ್ರಿ, ಗುರುಬಾಯಿ, ಹೈಫನ್, ನರೋಣಾ, ಹೈಫನ್, ಆಳಂದ! ಎರಡು ಹೈಫನ್ ಅದಾವ್ರಿ, ಆದ್ರೂ ಮೊದಲನೇದು!"

"ಹೈಫನ್ ಸುಡ್ರಿ. ಒಳಗ ಏನದ ಓದ್ರಿ."

ಪುಟ ತೆರೆಯಿತು. ಇಂಗ್ಲಿಷ್ ಅಕ್ಷರ, ಆದರೆ ಮಾತು ನಮ್ಮದೇ. ಮೇಲೆ ಒಂದು ಫೋಟೋ ಮೆಲ್ಲಗೆ ಇಳಿಯತೊಡಗಿತು, ಮಾಸ್ತರರು ಅದಕ್ಕೆ ಕಾಯದೆ ಕೆಳಗಿನದನ್ನು ಟೈಪಿಂಗ್ ಪರೀಕ್ಷೆಯ ಡಿಕ್ಟೇಶನ್ನಿನ ದನಿಯಲ್ಲಿ ಬಿಡಿಸಿ ಬಿಡಿಸಿ ಓದಿದರು.

"ಗುರುಬಾಯಿ. ಊರು ನರೋಣಾ, ತಾಲೂಕ ಆಳಂದ. ಕೊಟ್ಟಿದ್ದು ಕಿಣ್ಣಿ ಸುಲ್ತಾನಕ್ಕ. ಎಡಗೈ ಮ್ಯಾಲ ಹೆಂಚಿಂದು ಸುಟ್ಟ ಕಲೆ ಅದ. ಎಪ್ಪತ್ತಮೂರರಾಗ ಒಂದು ಪತ್ರ ಹಾಕಿದ್ದೆ, ತಿರುಗಿ ಬಂತು. ನಾ ಸೂಜಿ ಒಯ್ದೆ ಅಂತ ಆಕಿ ನನ್ನ ಮ್ಯಾಲ ಸಿಟ್ಟಾಗ್ಯಾಳ. ಯಾರಿಗಾದ್ರೂ ಸಿಕ್ಕರ ಇಷ್ಟು ಹೇಳ್ರಿ. ನಾ ಕದ್ದಿಲ್ಲ. ಸೂಜಿ ನನ್ನ ಹತ್ತರ ಅದ. ಗೌಸಿ."

ಅಷ್ಟರಲ್ಲಿ ಫೋಟೋ ಪೂರ್ತಿ ಇಳಿದಿತ್ತು. ಬಿಳಿ ಬಟ್ಟೆಯ ಮೇಲೆ ಒಂದು ಉದ್ದನೆಯ ಸೂಜಿ. ಅದರ ಕಣ್ಣಿನಲ್ಲಿ ಒಂದು ಗೇಣು ದಾರ, ಅವತ್ತಿನದೇ.

ನಾನು ಹಿಟ್ಟಿನ ಕೈಯಿಂದಲೇ ಮುಖ ಮುಚ್ಚಿಕೊಂಡು ಅತ್ತೆ. ನಾನು ಕ್ಷಮೆ ಕೇಳಬೇಕೆಂದು ಇಷ್ಟು ವರ್ಷ ಒದ್ದಾಡಿದರೆ, ಅವಳು ಅಲ್ಲಿ ಕೂತು ನನ್ನ ಕ್ಷಮೆ ಕೇಳುತ್ತಿದ್ದಳು. ಚೇಷ್ಟೆಗೆ ಕೂಗಿದ ಒಂದು ಮಾತಿಗೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಹಾಗಾಗಿತ್ತು ನನ್ನ ಬದುಕು. ಆ ಪುಟ ಎರಡು ವರ್ಷದಿಂದ ಅಲ್ಲೇ ಇತ್ತು. ಕೆಳಗೆ ತಾರೀಖು, ಹೈದರಾಬಾದಿನ ಒಂದು ಹೆಣ್ಣುಮಕ್ಕಳ ಶಾಲೆಯ ಹೆಸರು, ಒಂದು ಫೋನ್ ನಂಬರ್ ಇದ್ದವು. ಎರಡು ತಿಂಗಳು ದಿನಾ ನಾವು ನಮ್ಮ ಹೆಸರನ್ನೇ ಹೊಡೆದು, ನಾವು ಕಾಣುತ್ತೇವೋ ಇಲ್ಲವೋ ಎಂದು ನೋಡಿಕೊಂಡೆವು. ಅವಳು ನನ್ನ ಹೆಸರು ಹಾಕಿ ಕಾಯುತ್ತಿದ್ದಳು.

"ಹೈಫನ್ನಿಂದ ಮುಂದ ಬಂದಿದ್ದಲ್ರಿ ಅಕ್ಕಾರ," ಎಂದರು ಮಾಸ್ತರರು. "ನನಗ ಈಗ ತಿಳೀತು. ಇಡೀ ಜಗತ್ತಿನ್ಯಾಗ ಈ ಹೆಸರ ಈ ಊರಿನ ಜೋಡಿ ಬರದಾಕಿ ಒಬ್ಬಾಕಿನೇ ಅದಾಳ. ಗೆರಿ ಇದ್ರೇನು, ಇಲ್ಲಂದ್ರೇನು?"

ಅವರು ಯಂತ್ರದಿಂದ ತಂತಿ ಕಿತ್ತು ಫೋನಿಗೆ ಸಿಕ್ಕಿಸಿದರು. ಒಂದೇ ತಂತಿ, ಹುಡುಕಬೇಕು ಇಲ್ಲವೇ ಮಾತಾಡಬೇಕು, ಎರಡೂ ಕೂಡಿ ಆಗುತ್ತಿರಲಿಲ್ಲ. ಗಾಜಿನ ಮೇಲೆ ಸೂಜಿ ಮಾತ್ರ ಹಾಗೇ ನಿಂತಿತ್ತು. ಅವರೇ ನಂಬರ್ ತಿರುಗಿಸಿ ರಿಸೀವರನ್ನು ನನ್ನ ಕಿವಿಗೆ ಹಿಡಿದರು. ಮೊದಲು ಶಾಲೆಯ ಯಾರೋ ಎತ್ತಿದರು. ಗೌಸಿಯಾ ಟೀಚರ್ ಬೇಕು ಎಂದು ಮಾಸ್ತರರು ತಮ್ಮ ಉರ್ದುವಿನಲ್ಲಿ ಬಗ್ಗಿ ಹೇಳಿದರು. ದೂರದಲ್ಲಿ ಮಕ್ಕಳ ಗಲಾಟೆ ಕೇಳಿಸಿತು. ಚಪ್ಪಲಿಯ ಸದ್ದು ಹತ್ತಿರ ಬಂತು.

"ಹಲೋ, ಕೌನ್?"

ಅದೇ ದನಿ. ದಪ್ಪವಾಗಿತ್ತು, ದಣಿದಿತ್ತು, ಆದರೆ ಅದೇ. ನನ್ನ ಬಾಯಿ ತೆರೆಯಲಿಲ್ಲ. ಹೊಳೆಯ ನಡುವೆ ಹೊಲಿಗೆ ನಿಂತಿತ್ತು, ಜೋಳದ ಮೊರ ನನ್ನ ತೊಡೆಯ ಮೇಲಿತ್ತು, ಟಪಾಲಿನವ ಚೀಲದ ಬಾಯಿ ತೆರೆದಿದ್ದ.

"ಹಲೋ? ಕೌನ್ ಬೋಲ್ ರಹೇ?"

ಅಷ್ಟರಲ್ಲಿ ಎದುರಿಗೆ ಡಿಪೋದಿಂದ ಜೇವರ್ಗಿ ಬಸ್ಸು ಬಂದು ನಿಂತಿತು. ಧರ್ಮಣ್ಣ ಕಣ್ಣು ಒರೆಸಿಕೊಂಡು ಓಡಿದ, ಫುಟ್‌ಬೋರ್ಡಿನ ಮೇಲೆ ನಿಂತು ಗಂಟಲು ಹರಿಯುವ ಹಾಗೆ ಕೂಗತೊಡಗಿದ. "ಅಫಜಲಪುರ, ಜೇವರ್ಗೀ! ಯಾರ್ರಿ ಜೇವರ್ಗೀ!"

ಆಚೆ ಕಡೆ ಉಸಿರು ನಿಂತಿತು. ಆ ಕೂಗು ತಂತಿಯಲ್ಲಿ ಹೋಗಿ ಅವಳಿಗೆ ಮುಟ್ಟಿತ್ತು. ಅವಳು ಮತ್ತೆ ಮಾತಾಡಿದಾಗ ಕನ್ನಡದಲ್ಲಿ ಕೇಳಿದಳು, ಬಹಳ ಮೆಲ್ಲಗೆ.

"ಯಾರ್ರಿ?"

ನಾನು ಮೊರ ಪಕ್ಕಕ್ಕಿಟ್ಟು ಬಾಗಿಲ ಹಿಂದಿನಿಂದ ಎದ್ದು ಬಂದೆ.

"ಗುರುಬಾಯಿ," ಎಂದೆ. "ಗುರುಬಾಯಿ ಇದ್ದೇನಿ ಬೇ. ಇಲ್ಲೇ ಇದ್ದೇನಿ."